ಸೈಕಲ್ ಹಸ್ತಾಂತರ

ಹಾರ ಹಾಕಿಸಿಕೊಂಡ ಸೈಕಲ್ ವೇದಿಕೆಯ ಮೇಲಿತ್ತು. ಅದನ್ನು ತುಳಿಯಬೇಕಾದ ಗುಲ್ಷನ ಕೆಳಗೆ ಮೂರನೆಯ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ನಾಲ್ಕು ಗಂಟೆ. ಎರಡಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ನರಗುಂದದಲ್ಲಿ ಈಗಷ್ಟೇ ಊಟಕ್ಕೆ ಕುಳಿತಿದ್ದಾರೆಂದು ಫೋನು ಬಂದಿತ್ತು. ರೋಣದಿಂದ ಹುಬ್ಬಳ್ಳಿಯ ಬಸ್ಸು ನಾಲ್ಕೂವರೆಗೆ. ಅಲ್ಲಿ ರಾತ್ರಿಯ ರೈಲು ಹಿಡಿದರೆ ಮಾತ್ರ ನಾಳೆ ಮೈಸೂರಿನಲ್ಲಿ ಹೆಸರು ನೋಂದಾಯಿಸಿ, ಭಾನುವಾರ ರಾಜ್ಯಮಟ್ಟದ ಟ್ರಯಥ್ಲಾನ್‌ಗೆ ಇಳಿಯಬಹುದು.

ಸೈಕಲ್ ಅವಳದೇ. ಬಿಜಾಪುರದಲ್ಲಿ ಯಾರೋ ಬಳಸಿ ಬಿಟ್ಟಿದ್ದ, ಬಾಗಿದ ಹ್ಯಾಂಡಲಿನ, ಹೊಸದಾಗಿ ಕಲಿಯುವವರ ದರ್ಜೆಯ ರೇಸ್ ಸೈಕಲ್. ಅಸೂಟಿಯ ಬಾವಿಯಲ್ಲಿ ಈಜು ಕಲಿತು, ಅಬ್ಬಿಗೇರಿಯ ರಸ್ತೆಯಲ್ಲಿ ಓಡಿ ಗಟ್ಟಿಯಾದ ಈ ಹುಡುಗಿ ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮಾಡುವ ಸ್ಪರ್ಧೆಗೆ ಹೊರಟಿದ್ದಾಳೆಂದು ತಿಳಿದದ್ದೇ ತಡ, ಗೊಬ್ಬರದ ಅಂಗಡಿಯ ರಾಘಣ್ಣ ಒಂದು ಪ್ರೋತ್ಸಾಹ ಸಮಿತಿ ಕಟ್ಟಿ ತಾನೇ ಅಧ್ಯಕ್ಷನಾದ. ಸಮಿತಿಯ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಬ್ಯಾನರಿನಲ್ಲಿ ‘ಟ್ರಯಥ್ಲಾನ್’ ಎಂಬ ಪದವನ್ನು ಮೂರು ಕಡೆ ಮೂರು ರೀತಿ ಬರೆಸಿದ್ದರು.

ಆದರೂ ವಂತಿಗೆ ಎತ್ತಿ ಪುಣೆಯಿಂದ ಸಾಮಾನು ತರಿಸಿದ್ದು ನಿಜ. ಹಗುರ ಗಾಲಿ, ತೆಳು ಟೈರು, ಮುಂಗೈ ಊರಿ ಬಗ್ಗಿ ತುಳಿಯಲೆಂದು ಹ್ಯಾಂಡಲಿಗೆ ಜೋಡಿಸುವ ಎರಡು ಕೊಳವೆ. ಗುಲ್ಷನಳ ತಂದೆ, ಸೈಕಲ್ ರಿಪೇರಿಯ ಮೋದಿನಸಾಬ, ಮಗಳ ಬೆನ್ನು ತೋಳು ಅಳೆದು ಎಲ್ಲವನ್ನೂ ಕೂರಿಸಿದ. ಮುಂದಿನ ಓಟಕ್ಕೆ ತೊಡೆಯಲ್ಲಿ ಕಸುವು ಉಳಿಯಲೆಂದು ಸೀಟನ್ನು ಎರಡು ಬೆರಳು ಮುಂದಕ್ಕೆ ತಂದ. ಮುಶಿಗೇರಿಗೆ ಹೋಗಿ ಬರುವಷ್ಟರಲ್ಲಿ ಆರು ನಿಮಿಷ ಉಳಿಯಿತು. “ಅಬ್ಬಾ, ಗಾಳಿನ ದಾರಿ ಬಿಡ್ತು!” ಎಂದು ಅವಳು ಕುಣಿದಳು. ಮರುದಿನವೇ ರಾಘಣ್ಣ ಬಂದು ಸೈಕಲ್ ಒಯ್ದ. ಅವಳಿಗೇ ಹಸ್ತಾಂತರಿಸಬೇಕಿತ್ತಲ್ಲ!

ಈಗ ನೋಡಿದರೆ ಸೈಕಲ್ಲಿನ ಚೌಕಟ್ಟಿನ ನಡುವೆ ತಂತಿ ಬಿಗಿದು ಒಂದು ತಗಡಿನ ಫಲಕ. ಹದಿನಾಲ್ಕು ದಾನಿಗಳ ಹೆಸರು, ಎಲ್ಲರ ತಲೆಯ ಮೇಲೆ ದಪ್ಪಕ್ಷರದಲ್ಲಿ ಅಧ್ಯಕ್ಷರದು. ಗುಲ್ಷನ ಎದ್ದು ವೇದಿಕೆ ಹತ್ತಿದಳು.

“ಕಾಕಾ, ಬಸ್ಸಿಗೆ ಹೊತ್ತಾತ್ರಿ. ಸೈಕಲ್ ಒಯ್ತೇನ್ರಿ.”

“ಏ ಹುಚ್ಚಿ, ಹಾರ ಹಾಕೇದ. ಸಾಹೇಬ್ರು ಮುಟ್ಟೂತನಕ ನಾ ಸುದ್ದಾ ಮುಟ್ಟಂಗಿಲ್ಲ.”

“ಅವರು ಬರೂದ್ರಾಗ ರೈಲು ಹೋಗಿರ್ತೈತ್ರಿ.”

“ಸ್ಪರ್ಧಾ ವರ್ಷಾ ಬರ್ತದವಾ,” ರಾಘಣ್ಣ ನಕ್ಕ. “ಸಾಹೇಬ್ರು ವರ್ಷಾ ಬರ್ತಾರೇನು?”

ಮೊದಲ ಸಾಲಿನವರು ಈ ಮಾತಿಗೆ ತಲೆದೂಗಿದರು. ಹಿಂದಿನಿಂದ ಮೋದಿನಸಾಬ ಎದ್ದು ಬಂದ. “ಈ ತಗಡು ಇದ್ರ ಅಡ್ಡಗಾಳಿಗೆ ಹುಡುಗಿ ಗಟಾರಕ್ಕ ಬೀಳ್ತಾಳ್ರಿ ಅಧ್ಯಕ್ಷರ,” ಎನ್ನುತ್ತ ಜೇಬಿನ ಇಕ್ಕಳದಿಂದ ತಂತಿ ಕತ್ತರಿಸಿ, ಫಲಕವನ್ನು ರಾಘಣ್ಣನ ಕೈಗೇ ಕೊಟ್ಟ. ಗುಲ್ಷನ ಹಾರ ತೆಗೆದಳು. ಎಲ್ಲಿ ಇಡಬೇಕೋ ತಿಳಿಯದೆ ಮೈಕಿನ ಕೊರಳಿಗೆ ಹಾಕಿದಳು. ಹಿರಿಯರ ಮಾತು ಮೀರಿ ಅವಳಿಗೆ ರೂಢಿಯಿರಲಿಲ್ಲ.

“ಹೊಸಾ ಸಾಮಾನೆಲ್ಲಾ ಸಮಿತೀದು, ನೆನಪಿಟ್ಕೋ!” ರಾಘಣ್ಣ ಕೂಗಿದ್ದು ಮೈಕಿನಲ್ಲಿ ಇಡೀ ಪೇಟೆಗೆ ಕೇಳಿಸಿತು.

“ತುಳಿಯೂದಷ್ಟ ನಂದು ಕಾಕಾ,” ಎಂದವಳೇ ಸೈಕಲ್ ಹೊತ್ತು ಮೆಟ್ಟಿಲಿಳಿದಳು. ಬಸ್ಸು ಸಿಕ್ಕಿತು.

ಆರು ಗಂಟೆಗೆ ಅತಿಥಿಗಳು ದಯಮಾಡಿಸಿದರು. ಸೈಕಲ್ ಇಲ್ಲವೆಂದು ಹಸ್ತಾಂತರ ನಿಲ್ಲಿಸಲಾದೀತೆ? ಬೀದಿಯಲ್ಲಿದ್ದ ಹಾಲಿನವನ ಸೈಕಲ್ಲನ್ನು ಕ್ಯಾನು ಇಳಿಸಿ ವೇದಿಕೆಗೆ ಏರಿಸಿದರು. ಗುಲ್ಷನಳ ಜಾಗದಲ್ಲಿ ನಿಲ್ಲಲು ರಾಘಣ್ಣ ತನ್ನ ಮಗಳು ಆರತಿಯನ್ನು ಮನೆಯಿಂದ ಕರೆಸಿದ. ಟ್ರಯಥ್ಲಾನ್ ಹೇಗೆ ನಮ್ಮ ಪುರಾತನ ಗ್ರಾಮೀಣ ಕ್ರೀಡೆ ಎಂಬುದರ ಮೇಲೆ ಅತಿಥಿಗಳು ಇಪ್ಪತ್ತು ನಿಮಿಷ ಮಾತನಾಡಿದರು.

ಮೈಸೂರಿನಲ್ಲಿ ಗುಲ್ಷನ ಒಂಬತ್ತನೆಯವಳಾಗಿ ನೀರಿನಿಂದ ಎದ್ದಳು. ಸೈಕಲ್ ಮೇಲೆ ಐವರನ್ನು ಹಿಂದೆ ಹಾಕಿದಳು, ಓಟದ ಕೊನೆಯಲ್ಲಿ ಇನ್ನೊಬ್ಬಳನ್ನು. ಮೂರನೆಯ ಸ್ಥಾನ.

ಮಂಗಳವಾರ ಬೆಳಿಗ್ಗೆ ಪದಕ ಹಿಡಿದು ರಿಪೇರಿ ಅಂಗಡಿಗೆ ಬಂದಾಗ ಮೋದಿನಸಾಬ ಆ ದಿನದ ಪತ್ರಿಕೆ ಮುಂದಿಟ್ಟ. ಫೋಟೋದಲ್ಲಿ ಆರತಿ ಹಾಲಿನವನ ಸೈಕಲ್ಲಿನ ಹ್ಯಾಂಡಲನ್ನು ಎಮ್ಮೆಯ ಕೋಡು ಹಿಡಿದಂತೆ ಹಿಡಿದು ಹೆದರಿ ನಿಂತಿದ್ದಳು. ಪಕ್ಕದಲ್ಲಿ ಅತಿಥಿಗಳ ನಗು. ಕೆಳಗೆ, ‘ಸಮಿತಿಯಿಂದ ಸೈಕಲ್ ಸ್ವೀಕರಿಸುತ್ತಿರುವ ಕ್ರೀಡಾಪಟು ಗುಲ್ಷನ’. ಮೈಸೂರಿನ ಸ್ಪರ್ಧೆಯ ಸುದ್ದಿ ಎಲ್ಲೂ ಇರಲಿಲ್ಲ. ಗುಲ್ಷನ ಎರಡೆರಡು ಸಲ ಹುಡುಕಿದಳು.

“ಹಂಗಾರ ನಾ ಎಲ್ಲಿಗೆ ಹೋಗಿದ್ನಿ ಅಬ್ಬಾ?”

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಆರತಿ. ಕೈಯಲ್ಲಿ ಮಡಿಸಿದ ಅದೇ ಪತ್ರಿಕೆ.

“ಏನ ಬೇಕಾಗಿತ್ತು?” ಗುಲ್ಷನ ಬಿರುಸಾಗಿಯೇ ಕೇಳಿದಳು.

“ಅಕ್ಕಾ, ನನಗ ಸೈಕಲ್ ಕಲಸ್ತೀಯೇನ? ಹತ್ತಾಕ ಸುದ್ದಾ ಬರಂಗಿಲ್ಲ.”

“ಈಗ್ಯಾಕ?”

ಆರತಿ ತಲೆ ತಗ್ಗಿಸಿ ಪತ್ರಿಕೆಯನ್ನು ಇನ್ನೂ ಸಣ್ಣಗೆ ಮಡಿಸಿದಳು.

“ಪೇಪರಿನಾಗ ಬಂದುಬಿಟ್ಟದಲ್ಲ. ಕಲೀಲಿಲ್ಲಂದ್ರ ಸುಳ್ಳಾಗ್ತದ.”