ಅಳಿಸದ ಮನೆ

ಹುಬ್ಬಳ್ಳಿಯ ಓಣಿಗಳು ದಿನಾ ಬೆಳಗಾಗುವಷ್ಟರಲ್ಲಿ ಜಾಗ ಬದಲಿಸುತ್ತಿದ್ದವು. ಚಹಾ ಕುದಿಯುವ ಹೊತ್ತಿಗೆ ಮಂದಿ ಕಾರಿನ ಜಿಪಿಎಸ್‌ನಲ್ಲಿ ಮನೆಯ ಹಳೇ ಜಾಗ ಅಳಿಸಿ ಹೊಸ ನಕಾಶೆ ಇಳಿಸಿಕೊಳ್ಳುತ್ತಿದ್ದರು. ಟ್ಯಾಕ್ಸಿ ಓಡಿಸುವ ಗುರುಪಾದಪ್ಪನ ಓಣಿ ಮಾತ್ರ ಹೋದ ವರ್ಷ, ಅವನು ಗಿರಾಕಿ ಬಿಡಲು ಹೋದಾಗ, ಮನೆಯಲ್ಲಿದ್ದ ಹೆಂಡತಿಯ ಸಮೇತ ಎತ್ತಲೋ ಸರಿದದ್ದು ಮತ್ತೆ ಸಿಗಲೇ ಇಲ್ಲ.

"ಈ ಜಿಪಿಎಸ್ ಆಗಾಗ ಕೆಡತೈತಿ," ಎಂದ ಅವನು, ರಿಪೇರಿ ಅಂಗಡಿಯ ಇಲಿಯಾಸನಿಗೆ. "ಊರ ಹೊರಗಿನ ಬಯಲಿಗೆ ಬಂದ್ರ 'ಎಡಕ್ಕೆ ತಿರುಗಿ, ಮನೆ ಬಂತು' ಅಂತೈತಿ. ಅಲ್ಲಿ ಜಾಲಿಕಂಟಿ ಬಿಟ್ರ ಏನೂ ಇಲ್ಲ. ಗಿರಾಕಿಗಳು ಬೈತಾರ."

ಇಲಿಯಾಸ್ ವೈರು ಅಲುಗಾಡಿಸಿದ, ಆಂಟೆನಾ ಬದಲಿಸಿ ನೋಡಿದ.

"ಮಷೀನ್ ಚಲೋ ಐತಿ, ಅಣ್ಣಾ. ನಿಮ್ಮ ಓಣಿ ಕಡೀಗೆ ನಿಂತಿದ್ದ ಜಾಗಾನ ನೀವು ಅಳಿಸೇ ಇಲ್ಲ. ಅಳಿಸಿದ್ರ ಸುಮ್ಮನಾಗತೈತಿ. ಅಳಿಸಲೇನು?"

"ಅಳಿಸು." ಗುರುಪಾದಪ್ಪ ಗೋಡೆಯ ಕಡೆ ನೋಡುತ್ತ ಹೇಳಿದ. ಹಲ್ಲುನೋವಿಗೆ ಗುಳಿಗೆ ಕೇಳಿದಷ್ಟೇ ಸಲೀಸಾಗಿ ಬಂತು ಮಾತು.

ಮರುದಿನ ಗಿರಾಕಿಯನ್ನು ಕೂರಿಸಿಕೊಂಡು ಹೋಗುವಾಗ ಅದೇ ಬಯಲು ಬಂತು. ಜಿಪಿಎಸ್ ತುಟಿ ಪಿಟಕ್ಕೆನ್ನಲಿಲ್ಲ. ಅವನಿಗೆ ಏನೂ ಅನ್ನಿಸಲಿಲ್ಲ.

"ಯಾಕ್ರೀ, ಈ ಕಡೆ ರಸ್ತೆ ಎಲ್ಲೈತಿ?" ಹಿಂದಿನ ಸೀಟಿನ ಹೆಂಗಸು ಕೇಳಿದಳು.

ಗುರುಪಾದಪ್ಪ ಕೆಳಗೆ ನೋಡಿದ. ಎಡಗಡೆಯ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ಅವನೇ ಹಾಕಿದ್ದ.