ನಾಲ್ಕು ಬೆರಳಿನ ಗುರುತು

“ಅಜ್ಜಿ, ಕೈ ತೆಗೀರಿ. ಅದು ರಾಣಿಯ ಕೈಗುರುತು,” ಎಂದು ಮಾರ್ಗದರ್ಶಿ ಗದರಿದ. ಹಳೆಯ ರಾಜಧಾನಿಯನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಲು ಬೆಳಗಿನಿಂದ ಓಡುತ್ತಿದ್ದ ಗುಂಪು ಅರಮನೆಯ ಹಿಂಗೋಡೆಯ ಮುಂದೆ ನಿಂತಿತ್ತು. ಗಂಡ ಯುದ್ಧ ಗೆದ್ದು ಬರಲೆಂದು ದೇವರಿಗೆ ಕಿರುಬೆರಳನ್ನೇ ಕತ್ತರಿಸಿಕೊಟ್ಟ ರಾಣಿಯ ಕಥೆಯನ್ನು ಅವನು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಿದ್ದ. ಕಥೆ ಅವನದೇ ಸೃಷ್ಟಿ; ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅಜ್ಜಿ ಕೈ ತೆಗೆಯಲಿಲ್ಲ. ಸರಿಸಲು ಹೋದವನು ಹಾಗೇ ನಿಂತುಬಿಟ್ಟ. ಗಾರೆಯಲ್ಲಿದ್ದ ನಾಲ್ಕು ಬೆರಳಿನ ಹಳ್ಳದೊಳಗೆ ಅವಳ ನಾಲ್ಕು ಬೆರಳುಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿದ್ದವು. ಕಿರುಬೆರಳಿನ ಜಾಗ ಎರಡರಲ್ಲೂ ಬೋಳು.

“ಈ ಗೋಡೆ ರಿಪೇರಿ ಮಾಡುವಾಗ ಗಾರೆ ಹೊರ್ತಿದ್ದೆ,” ಎಂದು ಅವಳು ಅವನಿಗಷ್ಟೇ ಕೇಳುವಂತೆ ಹೇಳಿದಳು. “ಆಗ ಬಸುರಿ. ತಲೆ ಸುತ್ತಿ ಹಸಿ ಗೋಡೆಗೆ ಕೈಯೂರಿಬಿಟ್ಟೆ. ಮಾರನೇ ದಿನ ನೋಡಿ ಮೇಸ್ತ್ರಿ ಎಲ್ಲರೆದುರು ಉಗಿದ.”

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳು ಅವನ ಅಂಗಿ ಜಗ್ಗಿ, “ಆಮೇಲೆ ರಾಣಿ ಏನು ಮಾಡಿದ್ಲು?” ಎಂದು ಕೇಳಿದಳು.

ಅಜ್ಜಿ ಕೈ ತೆಗೆದು ಬೆನ್ನ ಹಿಂದೆ ಮರೆಮಾಡಿಕೊಂಡಳು. “ಹೇಳಪ್ಪ,” ಅಂದಳು, “ಮಗು ಕಾಯ್ತಿದೆ.”