ಸೀಮೆಎಣ್ಣೆಯಲ್ಲಿ ತೊಳೆದ ಗೇರ್‌ಬಾಕ್ಸು

ಗುಜರಿಯಿಂದ ತಂದ ಗೇರ್‌ಬಾಕ್ಸು ಹಳೇ ಡ್ರೈವರನ ಮಾತನ್ನೇ ಗುನುಗುತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದರಷ್ಟೇ ಅದರ ಬಾಯಿ ಮುಚ್ಚುವುದು. ಗ್ಯಾರೇಜಿನವರಿಗೆ ಇದೇನೂ ಹೊಸದಲ್ಲ.

ನೀಲವ್ವ ತನ್ನ ಹಳೇ ಫೋರ್‌ವ್ಹೀಲ್ ಜೀಪಿಗೆ ಎಂಜಿನ್ನು, ಆಕ್ಸಲ್ಲು ಎಲ್ಲ ಸಿಕ್ಕಸಿಕ್ಕಲ್ಲಿ ತಂದು ಕೂಡಿಸಿದ್ದಳು. ಗೇರ್‌ಬಾಕ್ಸಿಗೆ ಮಾತ್ರ ಊರೂರು ಅಲೆದು, ತೀರಿಹೋದ ಗಂಡನ ಗಾಡಿಯದನ್ನೇ ಹುಡುಕಿ ತಂದಿದ್ದಳು. ಯಾರಿಗೂ ಹೇಳಿರಲಿಲ್ಲ. ಅದರ ಗುನುಗು ಕೇಳುವ ಧೈರ್ಯ ಬರಲೆಂದು ಒಂದು ಕಪ್ ಚಹಾ ಕುಡಿದು ಗ್ಯಾರೇಜಿಗೆ ಬಂದಳು.

ಜೊತೆಗೆ ಕೆಲಸ ಮಾಡುವ ಈರಪ್ಪ ಕೈ ಒರೆಸಿಕೊಳ್ಳುತ್ತಿದ್ದ.

"ಅಕ್ಕಾ, ನೀ ಬರೂದ್ರಾಗ ತೊಳದಿಟ್ಟೀನಿ. ಎಂಥಾ ಮಾತಿನ ಮಲ್ಲ ಇದ್ದನೋ, ಎರಡು ಡಬ್ಬಿ ಎಣ್ಣಿ ಹಿಡೀತು. ‘ಉಂಡೀಯೇನ ಗುಬ್ಬೀ, ಉಂಡೀಯೇನ’ ಅಂತ ಒಂದಽ ರಾಗ. ಈಗ ಪಿಟ್ಟನ್ನಂಗಿಲ್ಲ."

ನೀಲವ್ವ ಒಳಗೆ ಬೆರಳಿಟ್ಟಳು. ಹಲ್ಲುಗಳು ತಣ್ಣಗಿದ್ದವು.

"ಯಾರದಿತ್ತಕ್ಕಾ ಇದು?"

"ಗೊತ್ತಿಲ್ಲೋ," ಅಂದಳು. "ಚಲೋ ತೊಳದಿ. ಆ ಕಡೆ ಹಿಡಿ, ಏರಸೂಣು."